ಗಾರೆ ಇಲ್ಲ, ಸಿಮೆಂಟ್ ಇಲ್ಲ: ಡೇಸಿಯನ್ನರ ಕೋಟೆಗೋಡೆ ನಿಂತಿದ್ದು ಹೇಗೆ?

[ದೃಶ್ಯ: ರೊಮೇನಿಯಾದ ಒರಶ್ಟಿಯೆ ಬೆಟ್ಟಸಾಲು]

ನಮಸ್ಕಾರ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಈಗಿನ ರೊಮೇನಿಯಾದಲ್ಲಿದ್ದ ಡೇಸಿಯನ್ನರು ಅಂದ್ರೆ ಎಲ್ರೂ ಚಿನ್ನದ ಕಡಗ, ತೋಳದ ತಲೆಯ ಬಾವುಟ, ಫಾಲ್ಕ್ಸ್ ಅನ್ನೋ ಬಾಗಿದ ಕತ್ತಿ ಅಂತ ಶುರು ಮಾಡ್ತಾರೆ. ನನ್ನ ಕೇಳಿದ್ರೆ, ಮೊದಲು ನೋಡಬೇಕಾದ್ದು ಅವರ ಗೋಡೆ.

ಜಾಗ ಸರ್ಮಿಸೆಗೆಟುಸಾ ರೆಜಿಯಾ, ಅರಸ ಡೆಸಿಬಾಲಸ್‌ನ ರಾಜಧಾನಿ. ಸುಮಾರು 1,000 ಮೀಟರ್ ಎತ್ತರ. ಅಲ್ಲಿನ ಬಂಡೆ ಪದರು ಪದರಾಗಿ ಏಳುತ್ತೆ, ಉಳಿ ಇಟ್ರೆ ನೇರ ಅಂಚು ಸಿಗಲ್ಲ. ಹಾಗಾಗಿ ಸುಣ್ಣಕಲ್ಲನ್ನ ಹತ್ತಾರು ಕಿಲೋಮೀಟರ್ ದೂರದ ಮೆಗುರಾ ಕೆಲಾನುಲುಯಿ ಕ್ವಾರಿಯಿಂದ ಬೆಟ್ಟ ಹತ್ತಿಸಿ ತಂದ್ರು.

[ಗ್ರಾಫಿಕ್ಸ್: ಗೋಡೆಯ ಅಡ್ಡಸೀಳು]

ಈಗ ಒಳಗೆ ನೋಡಿ. ಹೊರಗೊಂದು, ಒಳಗೊಂದು ಕಲ್ಲಿನ ಸಾಲು. ಒಟ್ಟು ದಪ್ಪ ಸುಮಾರು 3 ಮೀಟರ್. ನಡುವೆ ಒರಟು ಕಲ್ಲು, ಮಣ್ಣು ತುಂಬಿ ಗಟ್ಟಿಯಾಗಿ ದಮ್ಮಸ್ಸು ಮಾಡಿದ್ದಾರೆ. ತುಂಬಿದ ಮಣ್ಣು ಎರಡೂ ಕಡೆ ತಳ್ಳುತ್ತಲ್ಲ, ಸಾಲುಗಳು ಹೊರಕ್ಕೆ ಉಬ್ಬದಂತೆ ಹಿಡಿಯೋರು ಯಾರು? ಮರದ ತೊಲೆ. ಕಲ್ಲಿನ ಮೇಲ್ಮೈಯಲ್ಲಿ ಪಾರಿವಾಳದ ಬಾಲದಂತೆ ಒಳಗೆ ಅಗಲ, ಬಾಯಲ್ಲಿ ಕಿರಿದಾದ ಕಚ್ಚು ಕೊರೆದು, ತೊಲೆಯ ತುದಿಯನ್ನ ಅದೇ ಆಕಾರಕ್ಕೆ ಕೆತ್ತಿ ಮೇಲಿಂದ ಕೂರಿಸ್ತಿದ್ರು. ಎಳೆದಷ್ಟೂ ಬಿಗಿ. ಇನ್ನೊಂದು ತುದಿ ಎದುರು ಸಾಲಿಗೆ.

ಈಗಿನ ಫ್ರಾನ್ಸ್ ಕಡೆಯ ಗಾಲ್ ಜನರೂ ಗೋಡೆಯಲ್ಲಿ ತೊಲೆ ಇಡ್ತಿದ್ರು, ಆದ್ರೆ ಅವರದ್ದರಲ್ಲಿ ತೊಲೆಯ ತುದಿ ಹೊರಗೆ ಕಾಣುತ್ತೆ. ಇಲ್ಲಿ ಮರ ಪೂರ್ತಿ ಕಲ್ಲಿನ ಹಿಂದೆ. ಬೆಂಕಿ ಹಚ್ಚೋರಿಗೆ ಸಿಗಲ್ಲ. ಗೋಡೆ ಒಡೆಯೋ ಟಗರುದಿಮ್ಮಿ ಗುದ್ದಿದ್ರೂ ಒಳಗಿನ ಮಣ್ಣು ಏಟು ನುಂಗುತ್ತೆ.

ತೊಂದರೆ ಎಲ್ಲಿ? ಮಳೆ ನೀರಿನಲ್ಲಿ. ಮೇಲಿಂದ ಇಳಿದ್ರೆ ತೊಲೆ ಕೊಳೆಯುತ್ತೆ, ಮಣ್ಣು ಒದ್ದೆಯಾಗಿ ಭಾರವಾಗುತ್ತೆ, ಚಳಿಗೆ ಹೆಪ್ಪುಗಟ್ಟಿ ಹಿಗ್ಗುತ್ತೆ. ಗಾರೆ ಇಲ್ಲದ ಸಾಲು ಆಗ ಹೊರಕ್ಕೆ ವಾಲಲೇಬೇಕು.

[ದೃಶ್ಯ: ರೋಮ್‌ನ ಟ್ರೇಜನ್ ಸ್ತಂಭ]

ರೋಮ್ ಜೊತೆಗಿನ ಮೊದಲ ಯುದ್ಧ ಮುಗಿಸಿದ ಕ್ರಿ.ಶ. 102ರ ಒಪ್ಪಂದದಲ್ಲಿ ರೋಮನ್ ಚಕ್ರವರ್ತಿ ಟ್ರೇಜನ್ ಹಾಕಿದ ಷರತ್ತುಗಳಲ್ಲಿ ಒಂದು, ಕೋಟೆಗಳನ್ನ ಕೆಡವಬೇಕು ಅಂತ. ಡೆಸಿಬಾಲಸ್ ಮತ್ತೆ ಕಟ್ಟೋಕೆ ಹೊರಟ. 105ರಲ್ಲಿ ಎರಡನೇ ಯುದ್ಧ, 106ರಲ್ಲಿ ರಾಜಧಾನಿ ಹೋಯ್ತು.

ಆಮೇಲೆ ಬೀಡುಬಿಟ್ಟ ರೋಮನ್ ಸೈನಿಕರು ಕೈಗೆ ಸಿಕ್ಕ ಕಲ್ಲು, ದೇಗುಲದ ಕಂಬದ ತುಂಡು ಸಮೇತ, ಪೇರಿಸಿ ಗೋಡೆ ಎಬ್ಬಿಸಿದ್ರು. ಅಲ್ಲಿಗೆ ಹೋದ್ರೆ ಕಚ್ಚು ಹುಡುಕಿ. ಅದು ಗೋಡೆಯ ಒಳಮುಖಕ್ಕಿದ್ರೆ ಡೇಸಿಯನ್ನರ ಕೆಲಸ ಇರಬಹುದು. ಹೊರಗೆ ಬಾಯಿಬಿಟ್ಟಿದ್ರೆ ಆ ಕಲ್ಲನ್ನ ಬೇರೆಲ್ಲಿಂದಲೋ ಕಿತ್ತು ತಂದಿದ್ದಾರೆ.