ಮೇಷ್ಟ್ರ ಭಾಷಣ ಬೇಡ, ಗೆಳೆಯನ ಮಾತು ಸಾಕು: ಶಾಲೆಯಲ್ಲಿ ವೇಪಿಂಗ್ ತಡೆಯೋದು ಹೇಗೆ?

[ತೆರೆಯ ಮೇಲೆ ಎರಡು ಚಿತ್ರ: ಒಂದು ಪೆನ್‌ಡ್ರೈವ್, ಒಂದು ವೇಪ್]

ನಮಸ್ಕಾರ. ಇದರಲ್ಲಿ ಪೆನ್‌ಡ್ರೈವ್ ಯಾವುದು, ಹೇಳಿ ನೋಡೋಣ. ಕಷ್ಟ ಅಲ್ವಾ? ನಿಜವಾದ ವೇಪ್, ಅಂದರೆ ಇ-ಸಿಗರೇಟ್, ತಂದು ತೋರಿಸೋ ಹಾಗಿಲ್ಲ, ನಮ್ಮ ದೇಶದಲ್ಲಿ ಅದಕ್ಕೆ ನಿಷೇಧ ಇದೆ. ಹಾಗಾಗಿ ಬರೀ ಚಿತ್ರ.

ಒಳಗಿರೋದು ಪುಟ್ಟ ಬ್ಯಾಟರಿ, ತಂತಿಯ ಸುರುಳಿ, ಸ್ವಲ್ಪ ದ್ರವ. ಸುರುಳಿ ಕಾದಾಗ ದ್ರವ ಹೊಗೆಯಂತೆ ಬರುತ್ತದೆ. ತುಂಬಾ ಮಕ್ಕಳು ಅದನ್ನು ಸುಮ್ನೆ ನೀರಿನ ಆವಿ ಅಂದುಕೊಂಡಿದ್ದಾರೆ. ಅಲ್ಲ. ಬಹುತೇಕ ವೇಪ್‌ಗಳಲ್ಲಿ ನಿಕೋಟಿನ್ ಇರುತ್ತದೆ, ತಂಬಾಕಿನಲ್ಲಿರುವ ಅದೇ ಚಟ ಹಿಡಿಸುವ ವಸ್ತು. ಸಿಗರೇಟ್ ಆದರೆ ಮೊದಲ ದಮ್ಮಿಗೇ ಕೆಮ್ಮು, ಶರ್ಟಿಗೆಲ್ಲ ವಾಸನೆ. ಇಲ್ಲಿ ನಿಕೋಟಿನ್‌ಗೆ ಆಮ್ಲ ಸೇರಿಸಿ ಗಂಟಲಿನ ಉರಿ ಕಡಿಮೆ ಮಾಡಿರುತ್ತಾರೆ. ಮೇಲೆ ಮಾವಿನಹಣ್ಣಿನ ಘಮ. ಅಮ್ಮ ಮೂಸಿ ನೋಡಿದರೂ ಚ್ಯೂಯಿಂಗ್ ಗಮ್ ಅಂದುಕೊಳ್ಳುತ್ತಾರೆ!

ಕರ್ನಾಟಕ 2016ರಲ್ಲೇ ಇದನ್ನು ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮಾರಿದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೂ ಸ್ಕೂಲ್ ಬ್ಯಾಗಿನೊಳಗೆ ನುಗ್ಗಿದೆ. ಬ್ಯಾಗ್ ಹುಡುಕಿದರೆ ಸಾಕ್ಸ್‌ಗೆ ಹೋಗುತ್ತದೆ, ಅಷ್ಟೇ.

[ತೆರೆಯ ಮೇಲೆ ಬ್ರಿಟನ್ ನಕ್ಷೆ]

ಈಗ ನನಗೆ ತುಂಬಾ ಇಷ್ಟವಾದ ಪ್ರಯೋಗ. ಹೆಸರು ಅಸಿಸ್ಟ್. ಇಂಗ್ಲೆಂಡ್ ಮತ್ತು ವೇಲ್ಸ್‌ನ 59 ಶಾಲೆಗಳು, 12-13 ವಯಸ್ಸಿನ ಮಕ್ಕಳು. ಆಗಿನ್ನೂ ವೇಪ್ ಇಲ್ಲ, ಚಿಂತೆ ಸಿಗರೇಟಿನದು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳನ್ನೇ ಕೇಳಿದರು: ನಿಮ್ಮಲ್ಲಿ ಯಾರನ್ನು ಕಂಡರೆ ನಿಮಗೆ ಗೌರವ? ಆಟದಲ್ಲಿ, ಗುಂಪಿನಲ್ಲಿ ಮುಂದಾಳು ಯಾರು?

ಮೇಷ್ಟ್ರು ಆರಿಸಲಿಲ್ಲ, ಗಮನಿಸಿ. ಹೆಚ್ಚು ಸಲ ಹೆಸರು ಬಂದವರಿಗೆ ಶಾಲೆಯ ಹೊರಗೆ ಎರಡು ದಿನ ತರಬೇತಿ. ಆಮೇಲೆ 10 ವಾರ ಗೆಳೆಯರ ಜೊತೆ ಹರಟೆ, ಊಟದ ಹೊತ್ತಲ್ಲೋ ಮನೆಗೆ ಹೋಗುವ ದಾರಿಯಲ್ಲೋ. ವೇದಿಕೆ ಇಲ್ಲ, ಮೈಕ್ ಇಲ್ಲ. ಮಾತಾಡಿದ್ದನ್ನು ಡೈರಿಯಲ್ಲಿ ಗುರುತು ಹಾಕಿದರಾಯಿತು. 2008ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಲೆಕ್ಕದಲ್ಲಿ, ಈ ಶಾಲೆಗಳ ಮಕ್ಕಳು ಸಿಗರೇಟ್ ಹಿಡಿಯುವ ಸಾಧ್ಯತೆ ಬೇರೆ ಶಾಲೆಗಳಿಗಿಂತ ಸುಮಾರು 22% ಕಡಿಮೆ.

[ತೆರೆಯ ಮೇಲೆ ಶಾಲೆಯ ಗೇಟು, ರಸ್ತೆಯಲ್ಲಿ ಹಳದಿ ಗೆರೆ]

ನಮ್ಮಲ್ಲೂ ದಾರಿ ಇದೆ. ಕೇಂದ್ರ ಸರ್ಕಾರದ ‘ತಂಬಾಕು ಮುಕ್ತ ಶಿಕ್ಷಣ ಸಂಸ್ಥೆ’ ಮಾರ್ಗಸೂಚಿ ಪ್ರಕಾರ 9ನೇ ತರಗತಿಯಿಂದ ಮೇಲಿನವರು ತಂಬಾಕು ಮಾನಿಟರ್ ಆಗಬಹುದು. ಶಾಲೆಯ ಕಾಂಪೌಂಡಿನಿಂದ 100 ಗಜದೊಳಗೆ ತಂಬಾಕು ಮಾರೋ ಹಾಗಿಲ್ಲ. ಆ ಗಡಿಗೆ ಹಳದಿ ಗೆರೆ ಎಳೆಯಬೇಕು. ಟೇಪ್ ಹಿಡಿದು ಅಳೆಯೋಕೆ ಮಕ್ಕಳು ಸಾಕು.

ನನ್ನ ತಕರಾರು ಒಂದೇ. ಮಾನಿಟರ್ ಅಂದರೆ ನಮಗೆ ನೆನಪಾಗೋದು ಮಾತಾಡಿದವರ ಹೆಸರನ್ನು ಬೋರ್ಡ್ ಮೇಲೆ ಬರೆಯುವ ಮೊದಲ ಬೆಂಚಿನ ಹುಡುಗ. ಅವನ ಮುಂದೆ ಯಾರು ಬಾಯಿ ಬಿಡುತ್ತಾರೆ? ಚೀಟಿ ಹಂಚಿ, ಮಕ್ಕಳೇ ಹೆಸರು ಬರೆಯಲಿ. ಕೊನೇ ಬೆಂಚಿನ ಕಬಡ್ಡಿ ಕ್ಯಾಪ್ಟನ್ ಹೆಸರು ಬಂದರೆ ಅವನೇ ಇರಲಿ. ವೇಪ್ ಸೇದೋ ಗೆಳೆಯ ಏನೋ ಅಂದರೆ ಅವನ ಉತ್ತರ ಹೀಗಿರುತ್ತದೆ:

“ಬರೀ ಫ್ಲೇವರ್ ಕಣೋ, ಏನೂ ಆಗಲ್ಲ.”
“ಹಂಗಾದ್ರೆ ಒಂದು ವಾರ ಬಿಟ್ಟು ನೋಡು.”
“...”

ಆ ವಾರ ಕಷ್ಟವಾದರೆ ಈ ನಂಬರ್‌ಗೆ ಫೋನ್ ಮಾಡಿ: 1800-11-2356. ತಂಬಾಕು ಬಿಡೋಕೆ ನೆರವಾಗುವ ರಾಷ್ಟ್ರೀಯ ಕ್ವಿಟ್‌ಲೈನ್, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

[ನಂಬರ್ 10 ಸೆಕೆಂಡ್ ತೆರೆಯ ಮೇಲಿರಲಿ]