14ರ ಹುಡುಗನ್ನ ದೊಡ್ಡವರ ಕರಾಟೆ ಬ್ಯಾಚ್‌ಗೆ ಕಳಿಸಬಹುದಾ?

ನಮಸ್ಕಾರ. ಮಂಡ್ಯದಿಂದ ಒಬ್ಬ ತಾಯಿ ಕಳಿಸಿರೋ ಪ್ರಶ್ನೆ ಇದು. ಮಗನಿಗೆ 14 ವರ್ಷ. ಮಕ್ಕಳ ಬ್ಯಾಚ್‌ನಲ್ಲಿ ಉಳಿದವರೆಲ್ಲ ಎರಡನೇ, ಮೂರನೇ ಕ್ಲಾಸಿನವರು, ಇವನಿಗೆ ಬೇಜಾರು. ಮೇಷ್ಟ್ರು "ರಾತ್ರಿ ದೊಡ್ಡವರ ಬ್ಯಾಚ್‌ಗೆ ಬರಲಿ" ಅಂತಿದ್ದಾರಂತೆ.

ಕರಾಟೆ, ಜೂಡೊ, ಕುಸ್ತಿ ನಡುವಿನ ವ್ಯತ್ಯಾಸಕ್ಕೆಲ್ಲ ಈಗ ಹೋಗಲ್ಲ. ನೇರವಾಗಿ ಮೂಳೆಗೆ ಬರೋಣ.

[ತೆರೆಯ ಮೇಲೆ: ಮೊಣಕಾಲಿನ ಎಕ್ಸ್‌ರೇ ಚಿತ್ರ]

ಹುಡುಗಿಯರು ಸುಮಾರು 12ಕ್ಕೆ, ಹುಡುಗರು ಸುಮಾರು 14ಕ್ಕೆ ಸರ್ರಂತ ಉದ್ದ ಆಗ್ತಾರೆ. ಆ ಬೆಳವಣಿಗೆ ನಡೆಯೋದು ಉದ್ದ ಮೂಳೆಗಳ ತುದಿ ಹತ್ತಿರದ ಮೃದು ಪಟ್ಟಿಯಲ್ಲಿ, ಅಂದ್ರೆ ಗ್ರೋತ್ ಪ್ಲೇಟ್‌ನಲ್ಲಿ. ಕಬ್ಬು ನೆನಪಿಸಿಕೊಳ್ಳಿ. ಬುಡದ ಗಿಣ್ಣು ಮುರಿಯೋಕೆ ಮೊಣಕಾಲು ಕೊಡಬೇಕು. ಬೆಳೀತಾ ಇರೋ ಸುಳಿ ಬೆರಳಲ್ಲೇ ಲಟಕ್ ಅನ್ನುತ್ತೆ. ಸುಳಿ ಕೊರಕ ಹುಳ ಬಿದ್ದ ಜಲ್ಲೆ ಏನಾಗುತ್ತೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಾ? ಮೂಳೆಯಲ್ಲೂ ಹಾಗೇ. ಕೀಲನ್ನ ಬಿಗಿಯಾಗಿ ಹಿಡಿದಿರೋ ಲಿಗಮೆಂಟ್‌ಗಿಂತ ಈ ಪಟ್ಟಿ ದುರ್ಬಲ. ದೊಡ್ಡವರಿಗೆ ಬರೀ ಉಳುಕಾಗೋ ತಿರುವಿಗೆ ಈ ಹುಡುಗನ ಪಟ್ಟಿಯೇ ಸೀಳಬಹುದು. ಬಹುತೇಕ ವಾಸಿಯಾಗುತ್ತೆ. ಕೆಲವರಿಗೆ ಮಾತ್ರ ಆ ಕೈಯೋ ಕಾಲೋ ಗಿಡ್ಡವಾಗಿ, ಇಲ್ಲ ಸೊಟ್ಟ ಬೆಳೆಯುತ್ತೆ. ಮಗ ಅಪ್ಪನಷ್ಟೇ ಎತ್ತರ ಇದ್ದರೂ ಒಳಗಿನ ಸುಳಿ ಇನ್ನೂ ಎಳಸಾಗಿರಬಹುದು. ಎತ್ತರ ನೋಡಿ ಬ್ಯಾಚ್ ಬದಲಿಸೋ ಮೇಷ್ಟ್ರುಗಳಿಗೆ ಇದನ್ನ ಒತ್ತಿ ಹೇಳ್ತಿದ್ದೀನಿ.

ಹಾಗಾದ್ರೆ ಕಳಿಸಲೇಬಾರದಾ? ವಿಶ್ವ ಕರಾಟೆ ಫೆಡರೇಷನ್ ನಿಯಮ ನೋಡಿ. ಹಿರಿಯರ ಕಟಾ ಸ್ಪರ್ಧೆಗೆ 16 ತುಂಬಿದ್ರೆ ಸಾಕು, ಹಿರಿಯರ ಕುಮಿಟೆಗೆ 18 ಆಗಬೇಕು. ಕಟಾ ಅಂದ್ರೆ ಗೊತ್ತು ಮಾಡಿದ ವರಸೆಗಳ ಸರಣಿ, ಎದುರಿಗೆ ಯಾರೂ ಇರಲ್ಲ. ಕುಮಿಟೆ ಅಂದ್ರೆ ಎದುರಾಳಿ ಜೊತೆ ಕಾದಾಟ, ಕ್ಲಾಸಲ್ಲಿ ಸ್ಪಾರಿಂಗ್ ಅಂತಾರಲ್ಲ ಅದು, ಅಲ್ಲಿ ಒದೆಯೋರು ಇರ್ತಾರೆ. ಕ್ಲಾಸಿಗೂ ಇದೇ ಲೆಕ್ಕ ಹಾಕಿ. ವಾರ್ಮ್‌ಅಪ್, ಕಟಾ, ಪ್ಯಾಡ್ ಮೇಲಿನ ಒದೆತ, ಬೀಳೋ ಅಭ್ಯಾಸ ದೊಡ್ಡವರ ಜೊತೆ ಧಾರಾಳವಾಗಿ ಮಾಡಲಿ. ಶಿಸ್ತಿನಿಂದ ಕಲಿಯೋ ಹಿರಿಯರ ಪಕ್ಕ ನಿಂತ ಹುಡುಗ ಬೇಗ ಕಲೀತಾನೆ.

ಸ್ಪಾರಿಂಗ್‌ಗೆ ಮಾತ್ರ ಜೋಡಿ ನೋಡಬೇಕು. ಮೈಸೂರಿನ ಗರಡಿಗಳಲ್ಲಿ ಪೋರರೂ ಪೈಲ್ವಾನರೂ ಒಂದೇ ಮಟ್ಟಿಯಲ್ಲಿ ಸಾಮು ಮಾಡ್ತಾ ಬಂದಿದ್ದಾರೆ. ಆದ್ರೆ ಯಾರು ಯಾರ ಮೇಲೆ ಕುಸ್ತಿ ಹಿಡೀಬೇಕು ಅಂತ ತೀರ್ಮಾನಿಸೋದು ಉಸ್ತಾದರು, ಅಂದ್ರೆ ಗರಡಿಯ ಗುರುಗಳು. ದಸರಾ ಕುಸ್ತಿಗೂ ಮೊದಲೇ ಜೋಡಿ ಕಟ್ತಾರೆ. ವಯಸ್ಸು, ತೂಕ, ಮೈಕಟ್ಟು, ಪಟ್ಟುಗಳ ಅನುಭವ ಹೊಂದಿದ್ರೆ ಮಾತ್ರ ಜೋಡಿ. ಹೊಸ ಕಾಲದ ಕ್ಲಾಸುಗಳು ಗರಡಿಯಿಂದ ಈ ಪದ್ಧತಿಯನ್ನ ಕಣ್ಣುಮುಚ್ಚಿ ತಗೋಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಸಮಯ ಮುಗೀತಾ ಬಂತು, ಉಳಿದದ್ದು ಬೇಗ ಹೇಳ್ತೀನಿ. ತಲೆಗೆ ಏಟು ಬಿದ್ದು ತಲೆ ಸುತ್ತಿದ್ರೆ, ವಾಂತಿ ಬಂದ್ರೆ ಅವತ್ತಿನ ಆಟ ಅಲ್ಲಿಗೇ ನಿಲ್ಲಬೇಕು, ಡಾಕ್ಟರ್ ನೋಡಬೇಕು. ಹಿಮ್ಮಡಿ ತಿರುಚೋ ಪಟ್ಟು ಈ ವಯಸ್ಸಿಗೆ ಬೇಡವೇ ಬೇಡ. ತೂಕ ಇಳಿಸೋಕೆ ಉಪವಾಸ ಹಾಕೋದೂ ಬೇಡ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಹಾಗಾಗಿ ಬಟ್ಟೆ ಬದಲಿಸೋ ಜಾಗ ಬೇರೆ ಇರಲಿ, ಅಪ್ಪ ಅಮ್ಮ ಕೂತು ನೋಡೋಕೆ ಬಾಗಿಲು ತೆರೆದಿರಲಿ.

ಮಂಡ್ಯದ ಅಮ್ಮಾ, ಸೇರಿಸೋ ಮೊದಲು ಮೇಷ್ಟ್ರನ್ನ ಕೇಳಿ: "ಸ್ಪಾರಿಂಗ್‌ನಲ್ಲಿ ನನ್ನ ಮಗನ ಎದುರು ಯಾರನ್ನ ನಿಲ್ಲಿಸ್ತೀರಿ?" ಇಂಥವರು, ಇಷ್ಟು ತೂಕ, ಇಷ್ಟು ವರ್ಷದ ಅನುಭವ ಅಂತ ತೋರಿಸಿದ್ರೆ ಕಳಿಸಿ. "ಅವತ್ತು ಯಾರು ಬಂದಿರ್ತಾರೋ ಅವರು" ಅಂದ್ರೆ, ಕಟಾ ಮುಗಿದ ತಕ್ಷಣ ಮಗನ್ನ ಮನೆಗೆ ಕರ್ಕೊಂಡು ಬನ್ನಿ.