ಡೊಮೇನ್ ಯಾರ ಹೆಸರಲ್ಲಿದೆ? ದಾವಣಗೆರೆಯಲ್ಲಿ ನನ್ನ ಒಂದು ದಿನ

ನಮಸ್ಕಾರ ಎಲ್ಲರಿಗೂ. ಈಗ ಬೆಳಗ್ಗೆ ಆರೂವರೆ. ಇದು ದಾವಣಗೆರೆ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಮಹಡಿ ಕೋಣೆ. ಇದೇ ನನ್ನ ಆಫೀಸ್, ವೆಬ್‌ಸೈಟ್ ಕಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ಟೇಬಲ್ ಮೇಲೆ ಲ್ಯಾಪ್‌ಟಾಪ್, ಕೆಳಗೆ ಯುಪಿಎಸ್, ಪಕ್ಕದಲ್ಲಿ ಉದ್ದನೆಯ ಒಂದು ನೋಟ್‌ಬುಕ್. ಅದನ್ನು ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಒಂದೊಂದು ಪುಟಕ್ಕೆ ಒಬ್ಬೊಬ್ಬ ಗಿರಾಕಿ. ಡೊಮೇನ್ (ವೆಬ್‌ಸೈಟ್‌ನ ವಿಳಾಸದ ಹೆಸರು) ಮುಗಿಯುವ ದಿನ, ಹೋಸ್ಟಿಂಗ್ (ಸೈಟ್ ಇಡುವ ಬಾಡಿಗೆ ಜಾಗ) ಮುಗಿಯುವ ದಿನ, ಕೊನೆಯ ಬ್ಯಾಕಪ್ (ಸೈಟ್‌ನ ಕಾಯ್ದಿಟ್ಟ ಪ್ರತಿ) ತೆಗೆದ ದಿನ. ಪಾಸ್‌ವರ್ಡ್ ಇದರಲ್ಲಿ ಬರೆಯುವುದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಇದೆ. ಮೇಲ್ಗಡೆ ಕೆಂಪು ಪೆನ್ನಿನಲ್ಲಿ ಇರುವುದು ಒಂದೇ ಸಾಲು: ಡೊಮೇನ್ ಯಾರ ಹೆಸರಲ್ಲಿದೆ?

ಈ ಸಾಲಿಗಾಗಿಯೇ ಇವತ್ತಿನ ವಿಡಿಯೋ.

ಕಳೆದ ತಿಂಗಳು ಮಂಡಕ್ಕಿ ಭಟ್ಟಿ ಇಟ್ಟಿರುವ ಒಬ್ಬರು ಫೋನ್ ಮಾಡಿದರು. "ನಮ್ಮ ವೆಬ್‌ಸೈಟ್ ಕಾಣ್ತಿಲ್ಲ, ಮೇಲ್ ಕೂಡ ಬರ್ತಿಲ್ಲ." ಹೊರ ಜಿಲ್ಲೆಯ ವ್ಯಾಪಾರಿಗಳು ಇವರಿಗೆ ಮೇಲ್‌ನಲ್ಲೇ ಆರ್ಡರ್ ಕಳಿಸುತ್ತಿದ್ದರು. ನೋಡಿದರೆ ಡೊಮೇನ್ ಅವಧಿ ಮುಗಿದಿತ್ತು, ಡೊಮೇನ್ ಹೋದರೆ ಅದರ ಮೇಲಿನ ಇಮೇಲ್ ಕೂಡ ಹೋಗುತ್ತದೆ ಅನ್ನುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಡಾಟ್ ಕಾಮ್ ಹೆಸರಾದರೆ, ಮುಗಿದ ಮೇಲೆ ಮಾಮೂಲಿ ದುಡ್ಡಿಗೆ ನವೀಕರಿಸಲು ಸಾಮಾನ್ಯವಾಗಿ ಕೆಲವು ದಿನ ಸಿಗುತ್ತದೆ. ಅದೂ ದಾಟಿದರೆ 30 ದಿನದ ಇನ್ನೊಂದು ಗಡುವು, ಆಗ ಬಿಡಿಸಿಕೊಳ್ಳಬೇಕೆಂದರೆ ದಂಡ ಜಾಸ್ತಿ. ಆಮೇಲೆ 5 ದಿನ ಯಾರೂ ಮುಟ್ಟುವ ಹಾಗಿಲ್ಲ. ಅದಾದ ಮೇಲೆ ಯಾರು ಬೇಕಾದರೂ ಆ ಹೆಸರನ್ನು ಕೊಂಡುಕೊಳ್ಳಬಹುದು. ನಾವು ಆ 30 ದಿನದೊಳಗೆ ಇದ್ದೆವು, ಆದರೆ ಡೊಮೇನ್ ಕೊಂಡ ಖಾತೆ ಇವರದಲ್ಲ. ಮೊದಲು ಸೈಟ್ ಮಾಡಿಕೊಟ್ಟವರು ಎಲ್ಲವನ್ನೂ ತಮ್ಮ ಸ್ವಂತ ಇಮೇಲ್‌ನಲ್ಲಿ ಕೊಂಡಿದ್ದರು. ಮೋಸ ಮಾಡಬೇಕು ಅಂತ ಅಲ್ಲ. ಆಮೇಲೆ ಅವರು ಕೆಲಸ ಬದಲಿಸಿ ಬೇರೆ ಊರಿಗೆ ಹೋದರು, ನವೀಕರಣದ ಸೂಚನೆಗಳೆಲ್ಲ ಆ ಹಳೆಯ ಇಮೇಲ್‌ಗೆ ಬಂದು ಬಿದ್ದಿದ್ದವು. ಹಳೆಯ ಬಿಲ್ಲಿನಿಂದ ನಂಬರ್ ಹುಡುಕಿ, ಅವರನ್ನು ಹಿಡಿದು, ದಂಡ ಕಟ್ಟಿಸಿ, ಡೊಮೇನ್ ವಾಪಸ್ ತರುವಷ್ಟರಲ್ಲಿ ಹನ್ನೊಂದು ದಿನ ಹೋಯಿತು. ಆ ಹನ್ನೊಂದು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಮಾಡಿದ ಸೈಟ್ ಕೂಡ ಅಲ್ಲ, ಆದರೂ. ಸೈಟ್ ಮಾಡುವವರು ನಾವು, ನಿಜ, ಆದರೆ ಅಂಗಡಿ ಅವರದು, ಬೋರ್ಡ್ ಮೇಲಿನ ಹೆಸರು ಅವರದು, ಅಲ್ವಾ? ಬೀಗದ ಕೈ ನಮ್ಮ ಜೇಬಿನಲ್ಲಿ ಯಾಕಿರಬೇಕು?

ಈಗ ಆ ಸೈಟನ್ನು ನಾನೇ ಹೊಸದಾಗಿ ಕಟ್ಟುತ್ತಿದ್ದೇನೆ. ಸ್ಕ್ರೀನ್ ನೋಡಿ. ಇಲ್ಲಿ ಒಂದು ಬಟನ್ ಇದೆ, "ಮಂಡಕ್ಕಿ ಬೇಕೆ? ಕರೆ ಮಾಡಿ" ಅಂತ. ಜೂಮ್ ಮಾಡುತ್ತೇನೆ. ಕ ಅಕ್ಷರದ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗಿದೆ, ಸುಮ್ನೆ ಓದಿದರೆ ಅದು "ಮಂಡಕಿ". ಥೀಮ್ (ಸೈಟ್‌ನ ಸಿದ್ಧ ವಿನ್ಯಾಸ) ಮಾಡಿದವರು ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಸಾಲಿನ ಎತ್ತರವನ್ನು 1, ಅಂದರೆ ಅಕ್ಷರದ ಅಳತೆಯಷ್ಟೇ, ಅಂತ ಕೊಟ್ಟಿದ್ದಾರೆ. ಇಂಗ್ಲಿಷ್‌ಗೆ ಅಷ್ಟು ಸಾಕಾಗಬಹುದು. ನಮ್ಮ ಭಾಷೆಗೆ ಕೆಳಗೆ ಒತ್ತಕ್ಷರ ಇದೆ, ಮೇಲೆ ಗುಡಿಸು ಇದೆ, ಇವೆರಡಕ್ಕೂ ಜಾಗ ಬೇಕು. 1.7 ಕೊಟ್ಟೆ, ನೋಡಿ ಈಗ, ಒತ್ತು ಪೂರ್ತಿ ಬಂತು. ಇದು ಒಂದು ನಿಮಿಷದ ಕೆಲಸ. ಆದರೆ ತಮ್ಮ ಸರಕಿನ ಹೆಸರೇ ತಮ್ಮ ಸೈಟ್‌ನಲ್ಲಿ ತಪ್ಪಾಗಿ ಕಂಡರೆ ಆ ಮನುಷ್ಯನಿಗೆ ಹೇಗಾಗಬೇಡ?

ಅವರು ಕೊಟ್ಟ ಬರಹ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ, ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಪರಿವರ್ತಕಕ್ಕೆ ಹಾಕಿದರೆ ಬಹುತೇಕ ಸರಿಹೋಗುತ್ತದೆ, ಆದರೆ ಅರ್ಕಾವತ್ತು ಕೆಲವು ಸಲ ಜಾಗ ತಪ್ಪುತ್ತದೆ, ಹಾಗಾಗಿ ನಾನು ಪ್ರತಿ ಸಾಲನ್ನೂ ಬಾಯಿಬಿಟ್ಟು ಓದುತ್ತೇನೆ.

ಫೋಟೋ ಕಥೆ ಬೇಗ ಮುಗಿಸುತ್ತೇನೆ. ಮೊಬೈಲ್‌ನಿಂದ ಬಂದದ್ದು ಒಂದೊಂದೂ 6 ಎಂಬಿ. ಅಳತೆ ಇಳಿಸಿ ವೆಬ್‌ಪಿ ಅನ್ನುವ ಹಗುರ ಫೋಟೋ ರೂಪಕ್ಕೆ ತಂದರೆ 150 ಕೆಬಿ. ಹಳ್ಳಿಯಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ ಇರುವವರಿಗೂ ತೆರೆಯಬೇಕು, ಅಷ್ಟೇ.

ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ. ಊರಿಗೆಲ್ಲ ಬೆಣ್ಣೆ ದೋಸೆ ಗೊತ್ತು, ನನ್ನ ಕೇಳಿದರೆ ಕೆಲಸದ ಮಧ್ಯೆ ಇದೇ ಸರಿ.

ಊಟ ಆದ ಮೇಲೆ ನಿರ್ವಹಣೆ. ಗಿರಾಕಿಗಳು "ಸೈಟ್ ಆಯ್ತಲ್ಲ, ಮತ್ತೆ ವರ್ಷಾ ವರ್ಷಾ ದುಡ್ಡು ಯಾಕೆ?" ಅಂತ ಕೇಳುವುದು ಇದಕ್ಕೇ. ಕೇಳುವುದು ನ್ಯಾಯವೇ. ನಾನು ಇದನ್ನೇ ತೋರಿಸುತ್ತೇನೆ. ಇದೊಂದು ಹಳೆಯ ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ) ಸೈಟ್, ಓಡುತ್ತಿರುವುದು ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 7.4 ಆವೃತ್ತಿಯ ಮೇಲೆ. ಅದಕ್ಕೆ ಭದ್ರತಾ ತೇಪೆ ಬರುವುದು 2022ರ ನವೆಂಬರ್‌ನಲ್ಲೇ ನಿಂತಿದೆ. ಹಾಗಂತ ನೇರವಾಗಿ 8ಕ್ಕೆ ಏರಿಸಿದರೆ ಹಳೆಯ ಪ್ಲಗಿನ್ (ಸೈಟ್‌ಗೆ ಸೇರಿಸಿದ ಸಣ್ಣ ತಂತ್ರಾಂಶ) ಮುರಿದು ಇಡೀ ಪುಟ ಬೆಳ್ಳಗಾಗಬಹುದು. ಅದಕ್ಕೆ ಮೊದಲು ಬ್ಯಾಕಪ್, ಆಮೇಲೆ ಸೈಟ್‌ನ ಒಂದು ನಕಲು, ಆ ನಕಲಿನ ಮೇಲೆ ಪ್ರಯೋಗ, ಎಲ್ಲ ಸರಿ ಇದ್ದರೆ ಮಾತ್ರ ಅಸಲಿಗೆ ಕೈ ಹಾಕುವುದು. ಬ್ಯಾಕಪ್ ತೆಗೆದರಷ್ಟೇ ಸಾಲದು, ಅದನ್ನು ವಾಪಸ್ ಹಾಕಿ ಸೈಟ್ ಏಳುತ್ತದಾ ಅಂತ ನೋಡಬೇಕು. ಇನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಎಸ್‌ಎಸ್‌ಎಲ್ ಪ್ರಮಾಣಪತ್ರ (ಸೈಟ್‌ಗೆ ಹೋಗಿಬರುವ ಮಾಹಿತಿಯನ್ನು ಗುಟ್ಟಾಗಿಡುವಂಥದ್ದು), ನನ್ನ ಸೈಟ್‌ಗಳಲ್ಲಿ ಇರುವುದು 90 ದಿನದ್ದು. ತಾನಾಗಿಯೇ ನವೀಕರಣ ಆಗಬೇಕು, ಎಲ್ಲೋ ಡಿಎನ್‌ಎಸ್ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ದಾಖಲೆ) ಬದಲಾದರೆ ಆಗದೇ ಹೋಗಬಹುದು. ಮುಗಿಯುತ್ತಿದೆ ಅಂತ ಅವರು ಮೊದಲು ಇಮೇಲ್ ಕಳಿಸುತ್ತಿದ್ದರು, 2025ರ ಜೂನ್‌ನಲ್ಲಿ ಅದನ್ನೂ ನಿಲ್ಲಿಸಿದರು. ಈಗ ನೆನಪಿಸಲು ನನ್ನದೇ ಒಂದು ಸಣ್ಣ ಸ್ಕ್ರಿಪ್ಟ್ (ಪ್ರೋಗ್ರಾಂ) ಇದೆ, ಜೊತೆಗೆ ಈ ನೋಟ್‌ಬುಕ್.

ಸಂಜೆ ಐದು. ಭಟ್ಟಿಗೆ ಬಂದಿದ್ದೇನೆ. ಕೇಳಿಸುತ್ತಿದೆಯಲ್ಲ ಆ ಸದ್ದು? ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ಅದು. ಬಿಸಿಗೆ ಕ್ಯಾಮೆರಾ ಜಾಸ್ತಿ ಹತ್ತಿರ ಒಯ್ಯಲು ಆಗುತ್ತಿಲ್ಲ.

ಭಟ್ಟಿ ಮಾಲೀಕರದೇ ಫೋನ್, ಅವರದೇ ಇಮೇಲ್, ಅವರದೇ ಹೆಸರಿನಲ್ಲಿ ಖಾತೆ ತೆರೆದೆವು. ಡೊಮೇನ್ ಅಲ್ಲಿಗೆ ಬಂತು. ಪಾಸ್‌ವರ್ಡ್ ಹಾಕುವಾಗ ನಾನು ಭಟ್ಟಿಯ ಕಡೆ ತಿರುಗಿ ನಿಂತೆ. "ನೀವೇ ಹಾಕ್ರಿ" ಅಂದರು. "ಬೇಡ, ನಿಮ್ಮದು ನೀವೇ ಹಾಕಿ" ಅಂದೆ. ನಿಧಾನವಾಗಿ, ಒಂದೇ ಬೆರಳಿನಲ್ಲಿ ಹೊಡೆದರು. ನವೀಕರಣದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಅದನ್ನು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗಡೆ ಅಂಟಿಸಿಕೊಂಡರು.

ಆಮೇಲೆ ಕೇಳಿದರು: "ಇವತ್ತಿನ ಚೀಲದ ರೇಟ್ ನಾನೇ ಬದಲು ಮಾಡಬಹುದಾ?"

ಎಲ್ಲಿ ಒತ್ತಬೇಕು ಅಂತ ತೋರಿಸಿದೆ. ಈಗ ಮಾಡುತ್ತಿದ್ದಾರೆ, ನೋಡಿ.